ಅಪ್‌ಡೇಟ್: ಮೊದಲ ಫೈಲ್ ಸಿಕ್ಕಿತು

ಹದಿನಾಲ್ಕು ವರ್ಷ ವಾರ್ಡಿನಲ್ಲಿ ದುಡಿದ ನರ್ಸ್ ನಾನು. ವಕೀಲರಿಗೆ ಆಸ್ಪತ್ರೆ ದಾಖಲೆ ಓದಿಕೊಟ್ಟು ಸ್ವಂತವಾಗಿ ದುಡಿಯಬಹುದಾ ಅಂತ ಕೇಳಿದ್ದೆನಲ್ಲ, ಶಿವಮೊಗ್ಗದ ವಕೀಲರೊಬ್ಬರು ಫೈಲ್ ಕೊಟ್ಟರು! ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರದು, ಆಸ್ಪತ್ರೆ ವಿರುದ್ಧ ಗ್ರಾಹಕರ ಆಯೋಗದ (ಗ್ರಾಹಕರ ಕೋರ್ಟಿನ) ಕೇಸು. 212 ಪುಟ. ಎರಡು ರಾತ್ರಿ ಕೂತು ಗಂಟೆವಾರು ಪಟ್ಟಿ ಮಾಡಿದೆ. ಚಾರ್ಟ್‌ನಲ್ಲಿ ರಾತ್ರಿ 2 ಗಂಟೆಗೆ ಬಿಪಿ 80/50, ಅಂದ್ರೆ ತೀರಾ ಕಡಿಮೆ. ಡಾಕ್ಟರಿಗೆ ತಿಳಿಸಿದ್ದು 4:40ಕ್ಕೆ! ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದರು.

ತಪ್ಪು ಯಾರದು ಅಂತ ನಾನು ಬರೆಯಲಿಲ್ಲ. ಅದನ್ನು ತಜ್ಞ ವೈದ್ಯರೇ ಹೇಳಬೇಕು, ಅಲ್ವಾ?

ದಾಖಲೆ ಬೇಕಾದವರು ಸುಮ್ನೆ ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ 2002ರ ನಿಯಮವೇ ಇದೆ. ಆಯೋಗಕ್ಕೆ ದೂರು ಕೊಡಲು ಇರುವುದು 2 ವರ್ಷ ಮಾತ್ರ.

ನಿನ್ನೆ ಎರಡನೇ ಫೈಲ್ ಬಂತು.