ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಗಳ ಜೊತೆ ಗಜಕರ್ಣಕ್ಕೆ ಇಟ್ರಕೊನಜೋಲ್ ತೆಗೆದುಕೊಳ್ಳಬಹುದೇ?

ಪ್ರಶ್ನೆ

ನನ್ನ ಅಣ್ಣ ಎಆರ್‌ಟಿ ಕೇಂದ್ರದ ಎರಡನೇ ಹಂತದ ಚಿಕಿತ್ಸೆಯಲ್ಲಿದ್ದು, ಅಟಜಾನವಿರ್ ಮತ್ತು ರಿಟೊನವಿರ್ ಸೇವಿಸುತ್ತಿದ್ದಾನೆ. ತೊಡೆಸಂದಿನ ಗಜಕರ್ಣ ಸೊಂಟದವರೆಗೂ ಹಬ್ಬಿದ್ದರಿಂದ ಚರ್ಮವೈದ್ಯರು ಇಟ್ರಕೊನಜೋಲ್ 200 ಮಿ.ಗ್ರಾಂ. ಕ್ಯಾಪ್ಸೂಲನ್ನು ದಿನಕ್ಕೆ ಎರಡು ಬಾರಿ ಬರೆದುಕೊಟ್ಟಿದ್ದಾರೆ. ಸಂಕೋಚದಿಂದ ಅವನು ಎಚ್‌ಐವಿಯ ವಿಷಯವನ್ನು ಅವರಿಗೆ ತಿಳಿಸಿಲ್ಲ. ಗಜಕರ್ಣ ವಾಸಿಯಾಗುವವರೆಗೆ ಎಆರ್‌ಟಿಯನ್ನೇ ನಿಲ್ಲಿಸುತ್ತೇನೆ ಎನ್ನುತ್ತಿದ್ದಾನೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ಔಷಧಶಾಸ್ತ್ರದ ಅಧ್ಯಾಪಕಿ)

ಎಆರ್‌ಟಿಯನ್ನು ಒಂದು ದಿನವೂ ನಿಲ್ಲಿಸಬಾರದು. ಚರ್ಮದ ಕಾಯಿಲೆ ಕಾಯಬಲ್ಲದು. ಮಾತ್ರೆ ತಪ್ಪಿದರೆ ವೈರಾಣು ಮತ್ತೆ ಹೆಚ್ಚಿ, ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ, ಮತ್ತು ಎರಡನೇ ಹಂತದಲ್ಲಿರುವವರಿಗೆ ಮುಂದೆ ಉಳಿಯುವ ಆಯ್ಕೆಗಳು ಕಡಿಮೆ.

ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವ ಇಟ್ರಕೊನಜೋಲನ್ನು ಕರಗಿಸಿ ಹೊರಹಾಕುತ್ತದೆ. ಅಟಜಾನವಿರ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲೆಂದು ಅದೇ ಕಿಣ್ವವನ್ನು ತಡೆಹಿಡಿಯುವುದಕ್ಕಾಗಿಯೇ ರಿಟೊನವಿರ್ ಕೊಡುವುದರಿಂದ, ಇಟ್ರಕೊನಜೋಲ್ ಕೂಡ ದೇಹದಲ್ಲಿ ಶೇಖರವಾಗುತ್ತದೆ. ಇಂಥವರಿಗೆ ದಿನಕ್ಕೆ ಒಟ್ಟು 200 ಮಿ.ಗ್ರಾಂ. ಮೀರದಂತೆ ಕೊಡುವುದು ರೂಢಿ. ನಿಮ್ಮ ಅಣ್ಣನವರಿಗೆ ಬರೆದಿರುವುದು ಅದರ ಎರಡರಷ್ಟು. ಆದ್ದರಿಂದ ವೈದ್ಯರನ್ನು ಮತ್ತೆ ಕಾಣುವವರೆಗೆ ಆ ಕ್ಯಾಪ್ಸೂಲನ್ನು ಆರಂಭಿಸಬೇಡಿ. ಈಗಾಗಲೇ ನುಂಗಿದ್ದು, ಕಾಲು ಬಾತಿದ್ದರೆ, ಉಸಿರು ಕಟ್ಟುತ್ತಿದ್ದರೆ ಅಥವಾ ಕಣ್ಣು ಹಳದಿಯಾಗಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಗಜಕರ್ಣದ ಇನ್ನೊಂದು ಔಷಧವಾದ ಟರ್ಬಿನಾಫಿನ್‌ಗೆ ಸಾಮಾನ್ಯವಾಗಿ ಈ ತೊಡಕು ಕಡಿಮೆ; ಅದು ಸೂಕ್ತವೇ ಎಂದು ವೈದ್ಯರನ್ನೇ ಕೇಳಿ.

ಉತ್ತರ 2 (ಆಪ್ತಸಮಾಲೋಚಕ)

ಅಣ್ಣನವರ ಸಂಕೋಚ ನನಗೆ ಅರ್ಥವಾಗುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಕಾನೂನು ಹೇಳಿದ ಕೆಲವು ಸಂದರ್ಭಗಳ ಹೊರತು, ರೋಗಿಯ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಬಾಯಿಬಿಟ್ಟು ಹೇಳಲು ಆಗದಿದ್ದರೆ, ಮಾತ್ರೆಯ ಡಬ್ಬಿಯನ್ನೇ ವೈದ್ಯರ ಮೇಜಿನ ಮೇಲಿಡಲಿ, ಅಥವಾ ಚರ್ಮವೈದ್ಯರ ಚೀಟಿಯನ್ನು ಎಆರ್‌ಟಿ ಕೇಂದ್ರದ ವೈದ್ಯರಿಗೆ ತೋರಿಸಲಿ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು)

ನಾನು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಸೇರಿದ ಒಂದೇ ಮಾತ್ರೆ ಸೇವಿಸುತ್ತೇನೆ. ನನಗೂ ಇದೇ ಎಚ್ಚರಿಕೆ ಬೇಕೇ?

ಉತ್ತರ 3 (ಔಷಧಶಾಸ್ತ್ರದ ಅಧ್ಯಾಪಕಿ)

ನಿಮ್ಮ ಮಾತ್ರೆಯಲ್ಲಿ ರಿಟೊನವಿರ್ ಇಲ್ಲದಿರುವುದರಿಂದ ಇಟ್ರಕೊನಜೋಲ್ ಅಥವಾ ಅದೇ ಬಗೆಯ ಫ್ಲುಕೊನಜೋಲ್‌ನೊಂದಿಗೆ ಇಂಥ ತೊಡಕು ಕಾಣುವುದಿಲ್ಲ. ಆದರೆ ತೀವ್ರ ಶಿಲೀಂಧ್ರ ಸೋಂಕಿಗೆ ಕೊಡುವ ಆಂಫೊಟೆರಿಸಿನ್ ಚುಚ್ಚುಮದ್ದು ಬೇಕಾದರೆ, ಅದೂ ಟೆನೊಫೊವಿರ್ ಕೂಡ ಮೂತ್ರಪಿಂಡಕ್ಕೆ ಭಾರವಾಗುವುದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಿರಬೇಕು.

ಮೊದಲು ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ಚೀಟಿಯಲ್ಲಿ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆ ಇದೆಯೇ ನೋಡಿ. ಅಟಜಾನವಿರ್ ಮತ್ತು ಇಟ್ರಕೊನಜೋಲ್ ಕ್ಯಾಪ್ಸೂಲ್ ಎರಡೂ ಹೊಟ್ಟೆಯ ಆಮ್ಲವಿಲ್ಲದೆ ಸರಿಯಾಗಿ ಹೀರಲ್ಪಡುವುದಿಲ್ಲ. ಅದನ್ನೂ ವೈದ್ಯರ ಗಮನಕ್ಕೆ ತನ್ನಿ.