ಐಸ್ ಬ್ರೇಕರ್ ಹಿಂದೆ ಸಾಲಾಗಿ ಹೋಗುವಾಗ ಎಂತ ನೋಡಿಕೊಳ್ಳಬೇಕು? ಅನುಭವ ಇದ್ದವರು ಹೇಳಿ

ಕಾಪುವಿನ ಥರ್ಡ್ ಆಫೀಸರ್:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಹೊಸ ಶಿಪ್ ಸೇರುತ್ತಿದ್ದೇನೆ. ಫಿನ್ಲೆಂಡಿನ ಔಲು, ಕೆಮಿ ಬಂದರುಗಳಿಗೆ ಹೋಗುವ ಕಾರ್ಗೋ ಶಿಪ್. ಇಷ್ಟು ದಿನ ನನ್ನದೆಲ್ಲ ಗಲ್ಫ್, ಸಿಂಗಾಪುರ ಕಡೆಯ ಕಾಂಟ್ರಾಕ್ಟ್. ಹೆಪ್ಪುಗಟ್ಟಿದ ಕಡಲನ್ನು ಕಣ್ಣಾರೆ ನೋಡಿಲ್ಲ. ಐಸ್ ಬ್ರೇಕರ್ ದಾರಿ ಮಾಡಿಕೊಡುತ್ತದೆ, ಹಿಂದೆ ನಾಲ್ಕೈದು ಶಿಪ್ ಸಾಲಾಗಿ ಹೋಗುತ್ತವೆ ಅಂತ ಓದಿದ್ದೇನೆ. ವಾಚ್‌ನಲ್ಲಿ, ಅಂದರೆ ಶಿಪ್ ನಡೆಸುವ ಪಾಳಿಯಲ್ಲಿ, ನಿಂತಾಗ ನಾನು ಮುಖ್ಯವಾಗಿ ಎಂತ ಗಮನಿಸಬೇಕು? ಮಾಡಿ ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಅಮ್ಮನಿಗೆ ಭಯ ಜಾಸ್ತಿ, ಅವರಿಗೆ ಓದಿ ಹೇಳುವಂಥದ್ದೂ ಇದ್ದರೆ ಉಪಕಾರ.

ಸುರತ್ಕಲ್‌ನ ನಿವೃತ್ತ ಕ್ಯಾಪ್ಟನ್:

ತಮ್ಮಾ, ನೀನು ಹೇಳಿದ ಬಂದರುಗಳಿರುವ ಬೋತ್ನಿಯಾ ಕೊಲ್ಲಿಯಲ್ಲೇ ನಾನು ಮೂರು ಚಳಿಗಾಲ ಕಳೆದಿದ್ದೇನೆ. ಮೊದಲ ಮಾತು ಇದು. ನಿನ್ನ ಕಣ್ಣು ಮುಂದಿನ ಶಿಪ್ಪಿನ ಸ್ಟರ್ನ್, ಅಂದರೆ ಹಿಂಭಾಗದ ಮೇಲೇ ಇರಲಿ. ಫಿನ್ಲೆಂಡ್ ಕಡೆಯ ಚಳಿಗಾಲದ ಅಪಘಾತಗಳಲ್ಲಿ ಶಿಪ್ಪಿಗೆ ಶಿಪ್ ಗುದ್ದುವುದೇ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಗಾಳಿ ಒತ್ತಿದಾಗ ಐಸ್ ಒಡೆದು, ತುಂಡುಗಳು ಒಂದರ ಮೇಲೊಂದು ಹತ್ತಿ ದಿಣ್ಣೆ ಆಗುತ್ತವೆ. ಅದಕ್ಕೆ ರಿಡ್ಜ್ ಅನ್ನುತ್ತಾರೆ. ಮೇಲೆ ಕಾಣುವುದು ಸ್ವಲ್ಪ, ನೀರಿನಡಿ ಇರುವುದೇ ಹೆಚ್ಚು. ಮುಂದಿನ ಶಿಪ್ ಅದಕ್ಕೆ ತಾಗಿದರೆ ಬಹಳ ಬೇಗ ನಿಂತುಬಿಡುತ್ತದೆ. ನೀನು ಬರುತ್ತಿರುವುದು ಆಗಲೇ ಒಡೆದ ದಾರಿಯಲ್ಲಿ. ನಿನ್ನನ್ನು ತಡೆಯುವುದು ಏನೂ ಇಲ್ಲ. ಅವರು ನಿಂತರು, ನೀನು ಹೋಗುತ್ತಲೇ ಇದ್ದೀ. ಪಕ್ಕಕ್ಕೆ ತಪ್ಪಿಸೋಣ ಅಂದರೆ ಎರಡೂ ಕಡೆ ಗಟ್ಟಿ ಐಸ್. ನೀನು ಕಾಪುವಿನವನು, ಅಳಿವೆ ಬಾಗಿಲು ಗೊತ್ತುಂಟಲ್ಲ. ಬೋಟುಗಳು ಒಂದರ ಹಿಂದೆ ಒಂದು ಒಳಗೆ ಬರುವಾಗ ಮುಂದಿನದ್ದರ ಇಂಜಿನ್ ನಿಂತರೆ ಹಿಂದಿನ ಬೋಟು ನಡೆಸುವ ಟಂಡೇಲನ ಗತಿ ಎಂತ? ಅದೇ ಇದು.

ನನಗೆ ಆದದ್ದನ್ನೇ ಬರೆಯುತ್ತೇನೆ. ನಾನು ಆಗ ಚೀಫ್ ಮೇಟ್. ಬೆಳಗಿನ ಜಾವ, ಹಿಮ ಬೀಳುತ್ತಿತ್ತು. ಸಾಲಿನಲ್ಲಿ ನಮ್ಮದು ಎರಡನೆಯದು, ಏಳು ನಾಟ್ ವೇಗ. ಸರ್ಚ್‌ಲೈಟ್ ಹಾಕಿದರೆ ಹಿಮವೇ ಹೊಳೆದು ಕಣ್ಣು ಕಟ್ಟುತ್ತಿತ್ತು. ಮುಂದಿನ ಶಿಪ್ಪಿನ ಸ್ಟರ್ನ್ ಲೈಟ್ ಇದ್ದ ಹಾಗೇ ಕಾಣುತ್ತಿತ್ತು, ನಿಂತದ್ದು ನನಗೆ ತಿಳಿಯಲೇ ಇಲ್ಲ. ಚುಕ್ಕಾಣಿ ಹಿಡಿದಿದ್ದ ಹುಡುಗ ಹೇಳಿದ, ‘ಸಾರ್, ಅವರ ಹಿಂದೆ ಐಸ್ ತುಂಡು ಉರುಳುವುದು ನಿಂತಿತು.’ ಕೂಡಲೇ ಫುಲ್ ಆಸ್ಟರ್ನ್, ಅಂದರೆ ಇಂಜಿನ್ ಪೂರ್ತಿ ಹಿಂದಕ್ಕೆ, ಕೊಟ್ಟು ಚುಕ್ಕಾಣಿ ಪೂರ್ತಿ ಬಲಕ್ಕೆ ತಿರುಗಿಸಿದೆವು. ನಮ್ಮ ಮೂತಿ ದಾರಿಯ ಅಂಚಿನ ಐಸಿಗೆ ಹೊಕ್ಕು ನಿಂತಿತು. ಶಿಪ್ ನಡೆಸುವ ಕೋಣೆಯ, ಅಂದರೆ ಬ್ರಿಜ್‌ನ, ಹೊರಚಾಚಿದ ರೆಕ್ಕೆಗೆ ಬಂದು ನೋಡಿದರೆ ಅವರ ಸ್ಟರ್ನ್ ಮೇಲೆ ಬರೆದ ಊರಿನ ಹೆಸರು ಬರಿಗಣ್ಣಿಗೆ ಓದಲು ಬರುತ್ತಿತ್ತು. ಬಣ್ಣ ಎದ್ದ ಅಕ್ಷರಗಳು ಈಗಲೂ ಕಣ್ಣ ಮುಂದೆ ಇವೆ.

ಹಾಗಾಗಿ ಸ್ಟರ್ನ್ ಲೈಟ್ ನಂಬಿ ಕೂರಬೇಡ. ರಾಡಾರಿನಲ್ಲಿ ಮುಂದಿನ ಶಿಪ್ಪಿನ ದೂರ ನೋಡುತ್ತಲೇ ಇರು. ಅವರ ಪ್ರೊಪೆಲರ್ ಏಳಿಸುವ ನೀರು ನೋಡು. ಐಸ್ ಬ್ರೇಕರ್ ನಿಂತರೆ ಅದರ ಹಿಂಭಾಗದಲ್ಲಿ ಒಂದರ ಮೇಲೊಂದು ಎರಡು ಕೆಂಪು ದೀಪ ತಿರುಗುತ್ತವೆ. ಅದು ಕಂಡರೆ ಯಾರನ್ನೂ ಕೇಳುತ್ತಾ ನಿಲ್ಲಬೇಡ, ಇಂಜಿನ್ ಹಿಂದಕ್ಕೆ ಹಾಕು, ಆಮೇಲೆ ಕ್ಯಾಪ್ಟನ್‌ಗೆ ಹೇಳು. ಶಿಪ್ ಮುಂದೆ ಹೋಗುತ್ತಿರುವಷ್ಟು ಹೊತ್ತು ಚುಕ್ಕಾಣಿ ಓರೆ ಇರಬಹುದು. ಹಿಂದಕ್ಕೆ ಸರಿಯಲು ಶುರುವಾದ ಕೂಡಲೇ ನಡುವಿಗೆ ತಾ. ಇಲ್ಲದಿದ್ದರೆ ಹಿಂದಿನ ಐಸಿಗೆ ಸಿಕ್ಕಿ ಚುಕ್ಕಾಣಿಯೇ ಮುರಿಯುತ್ತದೆ. ನಿನ್ನ ಹಿಂದೆಯೂ ಒಂದು ಶಿಪ್ ಬರುತ್ತಿರುತ್ತದೆ, ವಿಎಚ್‌ಎಫ್ ರೇಡಿಯೋದಲ್ಲಿ ಅವರಿಗೂ ಕೂಗಿ ಹೇಳು.

ಐಸ್ ಬ್ರೇಕರಿನ ಒಂದಕ್ಷರದ ಸಿಗ್ನಲ್‌ಗಳನ್ನು ಬಾಯಿಪಾಠ ಮಾಡಿಕೊ. ಪಿ ಅಂದರೆ ನಿಧಾನ, ಎನ್ ಅಂದರೆ ಇಂಜಿನ್ ನಿಲ್ಲಿಸು, ಎಚ್ ಅಂದರೆ ಇಂಜಿನ್ ಹಿಂದಕ್ಕೆ, ಎಲ್ ಅಂದರೆ ಶಿಪ್ಪನ್ನು ಈ ಕ್ಷಣ ನಿಲ್ಲಿಸು. ಮಾತೆಲ್ಲ ವಿಎಚ್‌ಎಫ್‌ನಲ್ಲೇ ನಡೆಯುತ್ತದೆ ನಿಜ. ಆದರೆ ಒಂದೇ ಸಲ ಇಬ್ಬರು ಮಾತಾಡಿದರೆ ಎರಡೂ ಕೇಳುವುದಿಲ್ಲ.

ಬ್ರಹ್ಮಾವರದ ಸೆಕೆಂಡ್ ಇಂಜಿನಿಯರ್:

ಕ್ಯಾಪ್ಟನ್ ಹೇಳಿದ ಫುಲ್ ಆಸ್ಟರ್ನ್ ಕೆಳಗೆ ಇಂಜಿನ್ ರೂಮಿನಲ್ಲಿ ಸಿದ್ಧ ಇದ್ದರೆ ಮಾತ್ರ ಸಿಗುವುದು. ನಿಮ್ಮ ಶಿಪ್ಪಿನಲ್ಲಿ ಹಿಂದಕ್ಕೆ ಹೋಗಲು ತಿರುಗುವ ದಿಕ್ಕನ್ನೇ ಬದಲಿಸಬೇಕಾದ ಇಂಜಿನ್ ಇದ್ದರೆ ಪ್ರತಿ ಸಲ ಅದನ್ನು ಸ್ಟಾರ್ಟ್ ಮಾಡಲು ಬಾಟಲ್‌ನಲ್ಲಿ ಒತ್ತಿ ತುಂಬಿಟ್ಟ ಗಾಳಿ (ಸ್ಟಾರ್ಟಿಂಗ್ ಏರ್) ಬೇಕು. ಅಂಥ ಇಂಜಿನ್‌ಗೆ ಬಾಟಲ್ ಮತ್ತೆ ತುಂಬದೆ 12 ಸ್ಟಾರ್ಟ್ ಸಿಗಬೇಕು ಅಂತ ನಿಯಮ. ಐಸಿನಲ್ಲಿ ಮುಂದೆ ಹಿಂದೆ ಮಾಡುತ್ತಾ ಇದ್ದರೆ 12 ಬೇಗ ಮುಗಿಯುತ್ತದೆ. ಬ್ರಿಜ್‌ನಿಂದ ಸುಮ್ನೆ ಸುಮ್ನೆ ಹ್ಯಾಂಡಲ್ ಆಡಿಸಬೇಡಿ.

ಇನ್ನೊಂದು ಸೀ ಚೆಸ್ಟ್. ಇಂಜಿನ್ ತಂಪು ಮಾಡುವ ಕಡಲ ನೀರು ಒಳಗೆ ಬರುವ ಬಾಯಿ ಅದು. ಒಡೆದ ಐಸಿನ ದಾರಿಯಲ್ಲಿ ಪುಡಿ ಐಸ್ ಒಳಗೆ ಎಳೆದುಕೊಂಡು ಸ್ಟ್ರೈನರ್, ಅಂದರೆ ನೀರು ಸೋಸುವ ಜಾಲರಿ, ಕಟ್ಟುತ್ತದೆ. ನಮಗೆ ಒಂದು ಸಲ ಹಾಗೆ ಆಯಿತು. ಮುಚ್ಚಳ ತೆಗೆದಾಗ ಒಳಗೆ ಐಸ್ ಕ್ಯಾಂಡಿ ಅಂಗಡಿಯಲ್ಲಿ ತುರಿದಿಟ್ಟ ಹಾಗೆ ಬೆಳ್ಳಗೆ ತುಂಬಿತ್ತು. ಕೈಯಲ್ಲಿ ಬಾಚಿ ಬಾಚಿ ಬಕೆಟ್ಟಿಗೆ ಹಾಕಿದೆವು. ಇಂಜಿನ್‌ನಿಂದ ಹೊರಬರುವ ಬಿಸಿ ನೀರನ್ನು ಸೀ ಚೆಸ್ಟಿಗೆ ತಿರುಗಿ ಬಿಡುವ ಲೈನ್ ಇರುತ್ತದೆ. ಐಸಿಗೆ ಹೋಗುವ ಮೊದಲೇ ಅದರ ವಾಲ್ವ್ ತೆರೆದು ನೋಡಬೇಕು. ಗಲ್ಫ್ ಕಡೆ ಓಡಿದ ಶಿಪ್ಪಿನಲ್ಲಿ ಆ ವಾಲ್ವ್ ತುಕ್ಕು ಹಿಡಿದು ಕೂತಿರುತ್ತದೆ. ಕೂಲಿಂಗ್ ನಿಂತರೆ ಇಂಜಿನ್ ನಿಲ್ಲುತ್ತದೆ, ಸಾಲಿನ ನಡುವೆ ಅದು ಆದರೆ ಹಿಂದಿನವರು ನಿಮ್ಮ ಮೇಲೆಯೇ ಬರುತ್ತಾರೆ.

ಉಳ್ಳಾಲದ ಬೋಸನ್:

ಡೆಕ್ಕಿನ ಮಾತು ನಾನು ಹೇಳುತ್ತೇನೆ. ಐಸ್ ಬ್ರೇಕರಿನ ಹಿಂಭಾಗದಲ್ಲಿ ವಿ ಆಕಾರದ ಕಚ್ಚು ಇರುತ್ತದೆ, ರಬ್ಬರ್ ಹೊದಿಸಿದ್ದು. ಐಸ್ ಜೋರಾದಾಗ ನಮ್ಮ ಶಿಪ್ಪಿನ ಮೂತಿಯನ್ನು ಅದರೊಳಗೆ ಎಳೆದು ಕಟ್ಟಿ ಒಯ್ಯುತ್ತಾರೆ. ದಪ್ಪ ವೈರ್. ಬಿಗಿಯಾಗುವಾಗ ಫೋಕ್ಸಲ್‌ನಲ್ಲಿ (ಮೂತಿಯ ಮೇಲಿನ ಡೆಕ್) ಯಾರೂ ನಿಲ್ಲಬಾರದು, ವೈರನ್ನು ಬಿಟ್ಸ್‌ಗೆ (ಕಟ್ಟುವ ಗೂಟ) ಹಾಕಿದ ಕೂಡಲೇ ಹಿಂದೆ ಬರಬೇಕು. ಬಿಚ್ಚಿ ಅಂದಾಗ ತಕ್ಷಣ ಬಿಚ್ಚಲು ಬರುವ ಹಾಗೆಯೇ ಹಾಕಬೇಕು. ಲಂಗರು ಎತ್ತುವ ವಿಂಡ್‌ಲಾಸ್ ಬೇಕು ಅನ್ನುವ ಹೊತ್ತಿಗೆ ಓಡಿಸಿದರೆ ಓಡುವುದಿಲ್ಲ, ಎಣ್ಣೆ ಗಟ್ಟಿಯಾಗಿರುತ್ತದೆ. ಬಹಳ ಮೊದಲೇ ಸುಮ್ಮನೆ ತಿರುಗಿಸಿ ಬಿಸಿ ಮಾಡಿ. ಬೆಂಕಿ ಆರಿಸಲು ಇರುವ ಡೆಕ್ಕಿನ ಫೈರ್ ಲೈನಿನಲ್ಲಿ ನೀರು ಉಳಿಯಲು ಬಿಡಬೇಡಿ, ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಒದ್ದೆ ಗ್ಲೌಸ್‌ನಲ್ಲಿ ಕಬ್ಬಿಣ ಮುಟ್ಟಬೇಡಿ. ನಾನು ಮುಟ್ಟಿದ್ದೆ, ಗ್ಲೌಸ್ ಅಲ್ಲಿಯೇ ಅಂಟಿತು. ಜೇಬಿನಲ್ಲಿ ಇನ್ನೊಂದು ಜೊತೆ ಒಣ ಗ್ಲೌಸ್ ಯಾವಾಗಲೂ ಇರಲಿ.

ಕುಂದಾಪುರದಿಂದ, ಚೀಫ್ ಮೇಟ್ ಒಬ್ಬರ ಪತ್ನಿ:

ಅಮ್ಮನಿಗೆ ಇದನ್ನು ಓದಿ ಹೇಳಿ. ಐಸಿನಲ್ಲಿ ಶಿಪ್ ಸಿಕ್ಕಿಕೊಂಡಿತು ಅಂದರೆ ಮುಳುಗಿತು ಅಂತ ನಾನು ಮೊದಲ ವರ್ಷ ತಿಳಿದಿದ್ದೆ. ಬಾಲ್ಟಿಕ್‌ನಲ್ಲಿ ಅದು ದಿನನಿತ್ಯದ ಸಂಗತಿಯಂತೆ. ಐಸ್ ಬ್ರೇಕರ್ ತಿರುಗಿ ಬಂದು ಸುತ್ತಲಿನ ಐಸ್ ಒಡೆದು ಬಿಡಿಸುತ್ತದೆ. ಸರದಿ ಬರುವ ತನಕ ಕಾಯಬೇಕು, ಅಷ್ಟೆ. ನಮ್ಮವರು ಒಂದು ಸಲ ಎರಡು ದಿನ ಕಾದರು. ಶಿಪ್ ಅಲುಗಾಡದ ಕಾರಣ ಚೆನ್ನಾಗಿ ನಿದ್ದೆ ಬಂತು ಅಂತ ಫೋನಿನಲ್ಲಿ ಹೇಳಿದರು. ಅಮ್ಮನಿಗೆ ಬೇಕಾದರೆ ನನ್ನ ಹತ್ತಿರ ಮಾತಾಡಿಸಿ.

ಕಾಪುವಿನ ಥರ್ಡ್ ಆಫೀಸರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಅಮ್ಮ ಖಂಡಿತ ಮಾತಾಡುತ್ತಾರಂತೆ. ಕ್ಯಾಪ್ಟನ್, ಹಾಗಾದರೆ ಮುಂದಿನ ಶಿಪ್ಪಿಗೆ ಎಷ್ಟು ದೂರ ಬಿಡಬೇಕು? ಜಾಸ್ತಿ ಬಿಟ್ಟರೆ ಒಳ್ಳೆಯದಲ್ವಾ? ನಮ್ಮದು ಐಸ್ ಕ್ಲಾಸ್ 1ಎ.

ಸುರತ್ಕಲ್‌ನ ನಿವೃತ್ತ ಕ್ಯಾಪ್ಟನ್:

ಜಾಸ್ತಿ ಬಿಟ್ಟರೂ ಕಷ್ಟ ಉಂಟು. ಒಡೆದ ದಾರಿ ಹಾಗೇ ತೆರೆದುಕೊಂಡು ಇರುವುದಿಲ್ಲ. ಗಾಳಿ ಒತ್ತುತ್ತಿದ್ದರೆ ನೀನು ತಲುಪುವ ಮೊದಲೇ ಮುಚ್ಚಿಕೊಳ್ಳುತ್ತದೆ, ನೀನೂ ಸಿಕ್ಕಿಕೊಳ್ಳುತ್ತೀ, ನಿನ್ನ ಹಿಂದಿನವರೂ ನಿಲ್ಲಬೇಕು. ದೂರ ಎಷ್ಟು ಅಂತ ಐಸ್ ಬ್ರೇಕರ್ ಹೇಳುತ್ತದೆ, ಹೇಳಿದ್ದನ್ನು ಬಿಡಬೇಡ. ಅಷ್ಟು ದೂರದಲ್ಲಿ ನಿಲ್ಲಿಸಲು ಆಗುವುದಿಲ್ಲ ಅಂತ ಅನ್ನಿಸಿದರೆ ಬಾಯಿ ಬಿಟ್ಟು ಹೇಳಬೇಕು. ಸಂಕೋಚ ಮಾಡಬೇಡ.

1ಎ ಅಂದರೆ 0.8 ಮೀಟರ್ ದಪ್ಪದ ಐಸನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ಶಿಪ್. 1ಎ ಸೂಪರ್‌ಗೆ ಒಂದು ಮೀಟರ್, 1ಬಿಗೆ 0.6, 1ಸಿಗೆ 0.4. ಇದು ಸಪಾಟು ಐಸಿನ ಲೆಕ್ಕ, ರಿಡ್ಜ್‌ನದ್ದಲ್ಲ. ಶಿಪ್ಪಿನ ಅಗಲವನ್ನೂ ನೋಡಿಕೊ. 2016ರಲ್ಲಿ ಬಂದ ಪೋಲಾರಿಸ್ ಐಸ್ ಬ್ರೇಕರ್ ಸುಮಾರು 24 ಮೀಟರ್ ಅಗಲ. ನಿಮ್ಮದು ಅದಕ್ಕಿಂತ ಅಗಲ ಇದ್ದರೆ ದಾರಿಯ ಅಂಚು ಎರಡೂ ಬದಿ ಉಜ್ಜುತ್ತದೆ, ವೇಗ ಸಿಗುವುದಿಲ್ಲ.

ಶಿಪ್ ಸೇರಿದ ಮೊದಲ ವಾರ ಒಂದು ಕೆಲಸ ಮಾಡು. ಐಸ್ ಶುರುವಾಗುವ ಮೊದಲು, ಕ್ಯಾಪ್ಟನ್ ಮತ್ತು ಚೀಫ್ ಇಂಜಿನಿಯರ್ ಅನುಮತಿ ಕೇಳಿ, ಏಳು ನಾಟ್‌ನಿಂದ ಫುಲ್ ಆಸ್ಟರ್ನ್ ಕೊಟ್ಟರೆ ಪ್ರೊಪೆಲರ್ ಹಿಂದಕ್ಕೆ ಎಳೆಯಲು ಎಷ್ಟು ಸೆಕೆಂಡ್, ಶಿಪ್ ನಿಲ್ಲಲು ಎಷ್ಟು ಮೀಟರ್ ಅಂತ ಅಳೆದು ನೋಡಿ. ಚೀಟಿಯಲ್ಲಿ ಬರೆದು ರಾಡಾರ್ ಪಕ್ಕ ಅಂಟಿಸು.

ಬ್ರಹ್ಮಾವರದ ಸೆಕೆಂಡ್ ಇಂಜಿನಿಯರ್:

ಅದೇ ಚೀಟಿಯ ಇನ್ನೊಂದು ಪ್ರತಿ ಕೆಳಗೆ ಕಂಟ್ರೋಲ್ ರೂಮಿಗೂ ಕೊಡಿ.