ಪುಣೆಯಲ್ಲಿ ದೃಷ್ಟಿ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ: ಅನುಭವ ಇದ್ದವರು ಹೇಳಿ

ಕೇಳಿದವರು (ಪುಣೆ): ನಾನು ಧಾರವಾಡದವಳು, ಇಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕಣ್ಣು, ಮೆದುಳು ಸೇರಿ ಹೇಗೆ ನೋಡುತ್ತವೆ ಎಂಬುದು ನನ್ನ ವಿಷಯ. ಪುಣೆ, ಮುಂಬೈ, ಗೋವಾ, ಕೊಲ್ಹಾಪುರ, ಬೆಳಗಾವಿಯ ವಿದ್ಯಾರ್ಥಿಗಳನ್ನು ಸೇರಿಸಿ ಒಂದು ದಿನದ ಸಮ್ಮೇಳನ ಮಾಡೋಣ ಅಂತ ನಾವು ನಾಲ್ಕೈದು ಜನ ಹೊರಟಿದ್ದೇವೆ. ಪ್ರೊಫೆಸರುಗಳ ಬೆಂಬಲ ಇದೆ, ನಡೆಸುವವರು ಮಾತ್ರ ನಾವೇ. ಯಾರನ್ನು ಕರೆಯಬೇಕು? ದಿನವನ್ನು ಹೇಗೆ ಹಂಚಬೇಕು? ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು?

ಪಾಷಾಣ್, ಪುಣೆ: ತಂಗೀ, ಇಂಥ ಒಂದು ಸಮ್ಮೇಳನ ನಡೆಸಿದವರಲ್ಲಿ ನಾನೂ ಒಬ್ಬ. ದೊಡ್ಡ ಹೆಸರಿನವರನ್ನು ಕರೆಸಿ ದಿನವೆಲ್ಲ ಭಾಷಣ ಇಡಬೇಡಿ. ಅದಕ್ಕೆ ಬೇರೆ ಸಭೆಗಳಿವೆ. ಯುರೋಪಿನ ದೃಷ್ಟಿ ಸಮ್ಮೇಳನ 1978ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಶುರುವಾಯಿತು, ಅಮೆರಿಕದ ವಿಷನ್ ಸೈನ್ಸಸ್ ಸೊಸೈಟಿಯದು 2001ರಲ್ಲಿ ಫ್ಲಾರಿಡಾದಲ್ಲಿ. ವೀಸಾ, ವಿಮಾನ, ಡಾಲರ್ ಫೀಸು ಅಂದರೆ ನಮ್ಮ ಎಂ.ಎಸ್ಸಿ. ಹುಡುಗರಿಗೆ ಎಟುಕುವ ಮಾತಲ್ಲ. ನಿಮ್ಮದು ಅವರ ಮೊದಲ ವೇದಿಕೆ ಆಗಲಿ. ಹಿರಿಯರದು ಒಂದೇ ಭಾಷಣ ಸಾಕು, ಉಳಿದ ಹೊತ್ತೆಲ್ಲ ವಿದ್ಯಾರ್ಥಿಗಳದ್ದು.

ಯಾರನ್ನು ಕರೆಯಬೇಕು ಅಂದಿರಲ್ವಾ? ಆಪ್ಟೊಮೆಟ್ರಿ (ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ವಿದ್ಯೆ) ಕಾಲೇಜಿನವರು, ಕಣ್ಣಾಸ್ಪತ್ರೆಯ ಪಿ.ಜಿ.ಗಳು, ಮೆದುಳಿನ ಲ್ಯಾಬಿನವರು, ಮನಶ್ಶಾಸ್ತ್ರದವರು, ಕಂಪ್ಯೂಟರಿಗೆ ಚಿತ್ರ ಗುರುತಿಸಲು ಕಲಿಸುವ ಕಂಪ್ಯೂಟರ್ ವಿಷನ್‌ನವರು, ಎಲ್ಲರನ್ನೂ ಕರೆಯಿರಿ. ಒಂದೇ ಊರಲ್ಲಿದ್ದರೂ ಇವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಮಾತೂ ಬೇರೆ ಬೇರೆ. ದೃಷ್ಟಿ ಎಷ್ಟು ಚುರುಕು ಅಂತ ಹೇಳಲು ಆಪ್ಟೊಮೆಟ್ರಿಯವರು 6/6, 6/12 ಅನ್ನುತ್ತಾರೆ. ಲ್ಯಾಬಿನವರು ಒಂದು ಡಿಗ್ರಿಗೆ ಎಷ್ಟು ಸೈಕಲ್ ಅಂತ ಕೇಳುತ್ತಾರೆ. ಕಂಪ್ಯೂಟರಿನವರು ಪಿಕ್ಸೆಲ್ ಎಣಿಸುತ್ತಾರೆ.

ಬೆಳಿಗ್ಗೆ ಮೊದಲ ಹತ್ತು ನಿಮಿಷ ಒಬ್ಬರು ಬೋರ್ಡಿನ ಮೇಲೆ ಇದನ್ನು ಬಿಡಿಸಿ ತೋರಿಸಲಿ. 6/6 ಸಾಲಿನ ಅಕ್ಷರ ಸುಮಾರು 8.7 ಮಿ.ಮೀ. ಎತ್ತರ, ಅದನ್ನು 6 ಮೀಟರ್ ದೂರದಿಂದ ಓದಬೇಕು. ಅಷ್ಟು ದೂರದಲ್ಲಿ ಅದು ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ 12ನೇ ಒಂದು ಪಾಲು. ಅಕ್ಷರದ ಒಂದು ಗೆರೆ ಅದರಲ್ಲಿ ಐದನೇ ಒಂದು ಪಾಲು. ಕಪ್ಪು ಗೆರೆ, ಪಕ್ಕದ ಬಿಳಿ ಜಾಗ ಸೇರಿ ಒಂದು ಸೈಕಲ್ ಅಂತ ಲೆಕ್ಕ ಹಾಕಿದರೆ ಡಿಗ್ರಿಗೆ 30 ಸೈಕಲ್ ಬರುತ್ತದೆ. ಇಷ್ಟು ಗೊತ್ತಾದರೆ ಕ್ಲಿನಿಕ್ಕಿನ ಹುಡುಗಿ ಲ್ಯಾಬಿನ ಹುಡುಗನ ಗ್ರಾಫ್ ನೋಡಿ ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆಗೋಸ್ಕರವೇ ಅಲ್ವಾ ನಾವು ಇಷ್ಟೆಲ್ಲ ಓಡಾಡುವುದು?

ಇದೇ ಲೆಕ್ಕ ಸ್ಲೈಡಿಗೂ ಆಗುತ್ತದೆ. ಕೊನೆಯ ಸಾಲು ಪರದೆಯಿಂದ 12 ಮೀಟರ್ ದೂರ ಇದ್ದರೆ, 6/6 ಕಣ್ಣಿಗೆ ಸುಮಾರು 17 ಮಿ.ಮೀ. ಅಕ್ಷರ ಕಷ್ಟಪಟ್ಟು ಕಾಣುತ್ತದೆ. ಆರಾಮಾಗಿ ಓದಲು ಅದರ ಮೂರು ಪಟ್ಟು ಬೇಕು. ಅಂದರೆ 2 ಮೀಟರ್ ಎತ್ತರದ ಪರದೆಯಲ್ಲಿ ಅಕ್ಷರ 5 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಹಾಲ್ ಅಳೆದು ಇದನ್ನು ಮೊದಲೇ ಎಲ್ಲರಿಗೂ ಕಳಿಸಿ. ಕೆಂಪು-ಹಸಿರು ಗೆರೆಗಳ ಗ್ರಾಫ್ ಬೇಡ ಅಂತಲೂ ಬರೆಯಿರಿ. ಆ ಎರಡು ಬಣ್ಣ ಬೇರೆ ಮಾಡಲು ಆಗದವರು ಸಭೆಯಲ್ಲಿ ಇರಬಹುದು. ಆ ತೊಂದರೆಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡಸರಲ್ಲಿ ಜಾಸ್ತಿ. ನೀಲಿ, ಕಿತ್ತಳೆ ಬಳಸಲಿ, ಒಂದಕ್ಕೆ ಚುಕ್ಕೆ ಗೆರೆ ಹಾಕಲಿ.

ಪೋಸ್ಟರಿಗೆ, ಅಂದರೆ ತಮ್ಮ ಕೆಲಸವನ್ನು ದೊಡ್ಡ ಹಾಳೆಯಲ್ಲಿ ತೂಗುಹಾಕಿ ಪಕ್ಕದಲ್ಲಿ ನಿಂತು ವಿವರಿಸುವುದಕ್ಕೆ, ಊಟದ ಹೊತ್ತನ್ನು ಕೊಡಬೇಡಿ. ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿರುತ್ತಾರೆ, ಪಾಪ ಪೋಸ್ಟರಿನವರು ಹಸಿದುಕೊಂಡು ಒಬ್ಬರೇ ನಿಂತಿರುತ್ತಾರೆ. ಬೇರೆಯೇ ಒಂದೂವರೆ ಗಂಟೆ ಇಡಿ. ಮೊದಲರ್ಧ ಬೆಸ ಸಂಖ್ಯೆಯವರು ನಿಲ್ಲಲಿ, ಆಮೇಲೆ ಸಮ ಸಂಖ್ಯೆಯವರು. ಆಗ ಅವರಿಗೂ ಬೇರೆಯವರ ಕೆಲಸ ನೋಡಲು ಆಗುತ್ತದೆ.

ಮಾಟುಂಗಾ, ಮುಂಬೈ: ನಾನು ಆಪ್ಟೊಮೆಟ್ರಿಸ್ಟ್. ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಕ್ಲಿನಿಕ್ಕಿನಿಂದ ಬರುವ ಪೋಸ್ಟರುಗಳಲ್ಲಿ ರೋಗಿಗಳ ಫೋಟೊ ಇರುತ್ತದೆ. ರೆಟಿನಾದ ಫೋಟೊ ಮೂಲೆಯಲ್ಲಿ, ಓಸಿಟಿ (ರೆಟಿನಾದ ಪದರಗಳ ಸ್ಕ್ಯಾನ್) ಪ್ರಿಂಟಿನ ತಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಸಣ್ಣಗೆ ಅಚ್ಚಾಗಿರುತ್ತವೆ. ಹುಡುಗರು ಹಾಗೇ ಅಂಟಿಸಿಬಿಡುತ್ತಾರೆ. ಪೋಸ್ಟರಿನ ಫೈಲನ್ನು ಮೊದಲೇ ತರಿಸಿ, ದೊಡ್ಡದು ಮಾಡಿ ನೋಡಿ. ಅಬ್‌ಸ್ಟ್ರಾಕ್ಟ್ (ಕೆಲಸದ ಸಾರಾಂಶ) ಕಳಿಸುವ ಫಾರ್ಮಿನಲ್ಲೇ ಎಥಿಕ್ಸ್ ಕಮಿಟಿಯ ಒಪ್ಪಿಗೆ, ರೋಗಿಯ ಒಪ್ಪಿಗೆ ಎರಡನ್ನೂ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ತೋರಿಸಿದರೆ ಯಾರೂ ವಾದ ಮಾಡುವುದಿಲ್ಲ.

ಇನ್ನೊಂದು ಮಾತು. ಸಣ್ಣ ಊರಿನ ಕಾಲೇಜಿನಿಂದ ಒಂದೇ ರೋಗಿಯ ಕೇಸ್ ಬರೆದು ಕಳಿಸುತ್ತಾರೆ. ಇದು ಸಂಶೋಧನೆಯೇ ಅಲ್ಲ ಅಂತ ತಳ್ಳಬೇಡಿ. ಚೆನ್ನಾಗಿ ಗಮನಿಸಿ ಬರೆದ ಒಂದು ಕೇಸಿನಿಂದ ಲ್ಯಾಬಿನವರಿಗೆ ಹೊಸ ಪ್ರಶ್ನೆ ಸಿಗುತ್ತದೆ.

ಪಣಜಿ, ಗೋವಾ: ಒಂದು ಮೇಜು ಸುಮ್ನೆ ಪ್ರಯೋಗ ಮಾಡಿ ನೋಡುವುದಕ್ಕೆ ಇಡಿ. ಹೊಸಬರು ಮಾತಿಗೆ ಇಳಿಯುವುದು ಅಲ್ಲೇ. ದಾರಕ್ಕೆ ಒಂದು ಚೆಂಡು ಕಟ್ಟಿ ಎಡಕ್ಕೂ ಬಲಕ್ಕೂ ತೂಗಾಡಿಸಿ. ಎರಡೂ ಕಣ್ಣು ತೆರೆದಿಟ್ಟು, ಒಂದಕ್ಕೆ ಮಾತ್ರ ಕಪ್ಪು ಗಾಜು ಹಿಡಿದು ನೋಡಿದರೆ ಚೆಂಡು ಗುಂಡಗೆ ಸುತ್ತುತ್ತಿರುವಂತೆ ಕಾಣುತ್ತದೆ. ಮಬ್ಬಾದ ಕಣ್ಣಿನಿಂದ ಸುದ್ದಿ ಮೆದುಳಿಗೆ ಒಂದಿಷ್ಟು ತಡವಾಗಿ ಹೋಗುವುದೇ ಕಾರಣ. 1922ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಪುಲ್‌ಫ್ರಿಕ್ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ಅವರಿಗೆ ಇದು ಕಾಣಲೇ ಇಲ್ಲ. ಮೆಳ್ಳೆಗಣ್ಣು, ಸೋಮಾರಿ ಕಣ್ಣು ಇರುವ ಕೆಲವರಿಗೂ ಕಾಣುವುದಿಲ್ಲ. ಅಂಥವರಿಗೆ ಮೇಜಿನ ಹತ್ತಿರ ನಿಂತವರು "ಸರಿಯಾಗಿ ನೋಡಿ" ಅನ್ನಬಾರದು.

ಮೆಕಲೊ ಎಫೆಕ್ಟನ್ನು ಮಾತ್ರ ಕೇಳದೆ ಯಾರಿಗೂ ತೋರಿಸಬೇಡಿ. ಬಣ್ಣದ ಗೆರೆಗಳನ್ನು ಕೆಲವು ನಿಮಿಷ ನೋಡಿದ ಮೇಲೆ ಕಪ್ಪು-ಬಿಳಿ ಗೆರೆಗಳಲ್ಲೂ ಬಣ್ಣ ಕಾಣುತ್ತದೆ. ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಂಚುವ ವಿಡಿಯೊ ಇದ್ದರೆ ಮೊದಲೇ ಹೇಳಿ. ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.

ಹಡಪ್ಸರ್, ಪುಣೆ: ತಾರೀಖಿನ ಬಗ್ಗೆ ಹೇಳುತ್ತೇನೆ. ಗಣೇಶೋತ್ಸವದ ಹತ್ತು ದಿನ ಪುಣೆಯಲ್ಲಿ ಏನೂ ಇಡಬೇಡಿ. ಡಿಸೆಂಬರಿನಲ್ಲಿ ಇಡುವುದಾದರೆ ಸವಾಯಿ ಗಂಧರ್ವ ಸಂಗೀತೋತ್ಸವದ ದಿನಗಳನ್ನು ಬಿಡಿ, ನಮ್ಮ ಕಡೆಯವರು ಅರ್ಧ ಜನ ಅಲ್ಲೇ ಇರುತ್ತಾರೆ. ಶನಿವಾರ ಒಳ್ಳೆಯದು. ಹುಬ್ಬಳ್ಳಿ, ಬೆಳಗಾವಿಯವರು ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಸ್ವಾರ್‌ಗೇಟಿನಲ್ಲಿ ಇಳಿಯುತ್ತಾರೆ. ಮುಖ ತೊಳೆದು ಬಟ್ಟೆ ಬದಲಿಸಲು ಹಾಸ್ಟೆಲಿನಲ್ಲಿ ಎರಡು ರೂಮು ಕೇಳಿಟ್ಟುಕೊಳ್ಳಿ.

ಫೀಸು ಯಾರ ಸ್ವಂತ ಫೋನ್‌ಪೇಗೂ ಬರಬಾರದು. ಸಂಸ್ಥೆಯ ಖಾತೆಗೇ ಹೋಗಲಿ, ರಸೀದಿ ಕೊಡಿ. ಲೆನ್ಸ್ ಕಂಪನಿಯವರು ದುಡ್ಡು ಕೊಟ್ಟರೆ ಸ್ಟಾಲ್ ಹೊರಗಡೆ ಇರಲಿ, ವೇದಿಕೆ ಕೊಡಬೇಡಿ.

ಕೇಳಿದವರು: ತುಂಬಾ ಉಪಕಾರ ಆಯಿತು. ಭಾಷೆಯ ವಿಷಯ ಏನು ಮಾಡೋಣ? ಇಂಗ್ಲಿಷಿನಲ್ಲಿ ಮಾತಾಡಲು ಹೆದರಿ ಇಬ್ಬರು ಈಗಲೇ ಬರಲ್ಲ ಅಂದಿದ್ದಾರೆ.

ಪಾಷಾಣ್, ಪುಣೆ: ಸ್ಲೈಡ್ ಇಂಗ್ಲಿಷಿನಲ್ಲಿರಲಿ, ಮಾತು ಅವರಿಗೆ ಬಂದ ಭಾಷೆಯಲ್ಲಿ ಆಡಲಿ. ಕನ್ನಡ, ಮರಾಠಿ, ಹಿಂದಿ, ಯಾವುದಾದರೂ ಸರಿ. ಪ್ರಶ್ನೆಯನ್ನು ಪಕ್ಕದಲ್ಲಿ ಕೂತ ಒಬ್ಬರು ತಿರುಗಿಸಿ ಹೇಳುತ್ತಾರೆ. ಇದನ್ನು ಕರೆಯೋಲೆಯ ಮೊದಲ ಸಾಲಿನಲ್ಲೇ ಬರೆಯಿರಿ. ಆ ಇಬ್ಬರಿಗೆ ನೀವೇ ಇವತ್ತು ಫೋನ್ ಮಾಡಿ, ಮೂರು ನಿಮಿಷದ ಮಾತು ಸಾಕು ಅನ್ನಿ. ಬಸ್ಸಿನಲ್ಲಿ ಬರುವವರಾದರೆ ಪೋಸ್ಟರನ್ನು ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಲು ಹೇಳಿ, ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಬರಬಹುದು.